ಹರಕೆ ಇದ್ದ ಕಡೆ ಸೊನ್ನೆ

"ಹಳೇ ಫೈಲಿನಲ್ಲೂ ಸೊನ್ನೆನೇ ಇತ್ತು ಅಕ್ಕ" — ಹೀಗೆಂದು ನಾನು ಹನ್ನೆರಡು ಜನರ ಎದುರು ಹೇಳಿದೆ. ಅದು ಸುಳ್ಳು. ಹಳೆಯ ಫೈಲಿನಲ್ಲಿ ಸೊನ್ನೆ ಇರಲಿಲ್ಲ. ಒಂದು ಪದ ಇತ್ತು. ಆ ಪದವನ್ನು ನಾನು ಒಂದು ತಿಂಗಳಿಗೂ ಮೊದಲೇ ನೋಡಿದ್ದೆ. ಸುಳ್ಳು ಹೇಳುತ್ತಿದ್ದಾಗಲೂ ಆ ಫೈಲು ನನ್ನ ಕೈಚೀಲದಲ್ಲೇ ಇತ್ತು, ಒಂದು ನೀಲಿ ಪೆನ್ ಡ್ರೈವಿನಲ್ಲಿ. ಕೈಚೀಲ ನನ್ನ ಮಡಿಲಲ್ಲಿತ್ತು.

ಇಷ್ಟನ್ನು ಮೊದಲು ಬರೆದುಬಿಡಬೇಕು ಅನಿಸಿತು. ಹಿಂದೆ ಎರಡು ಸಲ ಬರೆಯಲು ಕೂತಾಗ ಮೊದಲಿನಿಂದ ಆರಂಭಿಸಿ, ಇಲ್ಲಿಗೆ ಬರುವ ಮೊದಲೇ ನಿಲ್ಲಿಸಿದ್ದೇನೆ.

ಆಗ ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಸಣ್ಣ ಕಂಪ್ಯೂಟರ್ ಸಂಸ್ಥೆಯಲ್ಲಿ ಕೆಲಸಕ್ಕಿದ್ದೆ. ಔಷಧಿ ಅಂಗಡಿಯ ಮೇಲಿನ ಮಹಡಿ, ಮೂರು ಕಂಪ್ಯೂಟರು, ನಾಲ್ಕು ಜನ. ಎರಡು ಸಾವಿರದ ದಶಕದ ಕೊನೆಯ ವರ್ಷಗಳು. ಜಿಲ್ಲೆಯಲ್ಲಿ ಅಲ್ಲಲ್ಲಿ ರಕ್ತದಾನಿಗಳ ಬಳಗಗಳಿದ್ದವು. ಒಂದೊಂದು ಬಳಗ ಒಂದೊಂದು ರೀತಿ ಪಟ್ಟಿ ಇಟ್ಟುಕೊಂಡಿತ್ತು — ಒಬ್ಬರು ನೋಟ್‌ಬುಕ್ಕಿನಲ್ಲಿ, ಒಬ್ಬರು ಎಕ್ಸೆಲ್‌ನಲ್ಲಿ. ಎಲ್ಲವನ್ನೂ ಸೇರಿಸಿ ಒಂದೇ ಪಟ್ಟಿ ಮಾಡಿದರೆ ಆಸ್ಪತ್ರೆಯವರು ಒಂದೇ ಕಡೆ ಕೇಳಬಹುದು ಎಂದು ಬಳಗಗಳ ಹಿರಿಯರು ಯೋಚಿಸಿದ್ದರು. ಆ ಕೆಲಸ ನಮ್ಮ ಸಂಸ್ಥೆಗೆ ಬಂತು; ಸಂಸ್ಥೆಯಲ್ಲಿ ನನಗೆ ಬಂತು.

ಭದ್ರಾವತಿಯ ಕಾಗದನಗರದ ಬಳಗದ ಪಟ್ಟಿ ಮಾತ್ರ ಬೇರೆ ಥರ ಇತ್ತು. ಯಾವುದೋ ಕಾಲೇಜಿನ ಹುಡುಗರು ತಮ್ಮ ಕೊನೆಯ ವರ್ಷದ ಪ್ರಾಜೆಕ್ಟಿಗೆ ಮಾಡಿಕೊಟ್ಟ ಪ್ರೋಗ್ರಾಂ ಅದು. ಅದರ ಡೇಟಾಬೇಸು ಒಂದೇ ಒಂದು ಫೈಲು. ಸರ್ವರ್ ಬೇಡ, ಪಾಸ್‌ವರ್ಡ್ ಬೇಡ, ಪ್ರೋಗ್ರಾಮಿನ ಹೊಟ್ಟೆಯೊಳಗೇ ಕೂತಿರುತ್ತದೆ. ಫೈಲನ್ನು ಎತ್ತಿ ಪೆನ್ ಡ್ರೈವಿಗೆ ಹಾಕಿಕೊಂಡರೆ ಇಡೀ ಬಳಗವೇ ಜೇಬಿನಲ್ಲಿ. ಅಷ್ಟು ಹಗುರ.

ಅದನ್ನು ನೋಡಿಕೊಳ್ಳುತ್ತಿದ್ದವರು ಸೆಲ್ವಿಯಕ್ಕ. ಅವರ ಅಪ್ಪ ಅಲ್ಲಿನ ಕಾಗದದ ಮಿಲ್ಲಿನ ಕೆಲಸಕ್ಕೆಂದು ತಮಿಳುನಾಡಿನಿಂದ ಬಂದವರು. ಸೆಲ್ವಿಯಕ್ಕ ಹುಟ್ಟಿದ್ದು ಕಾಗದನಗರದ ಕ್ವಾರ್ಟರ್ಸಿನಲ್ಲಿ, ಮದುವೆಯಾಗಿ ಇದ್ದದ್ದು ಜನ್ನಾಪುರದಲ್ಲಿ. ದಿನಾ ಬೆಳಿಗ್ಗೆ ಹತ್ತಕ್ಕೆ ಬಂದು ವಾಚನಾಲಯದ ಪಕ್ಕದ ಕೋಣೆಯ ಬೀಗ ತೆಗೆದು ಮಧ್ಯಾಹ್ನದವರೆಗೆ ಕೂರುತ್ತಿದ್ದರು. ಸಂಬಳವಿಲ್ಲ. ಬಳಗದ ಅಧ್ಯಕ್ಷರು ಚನ್ನಬಸಪ್ಪ ಮೇಷ್ಟ್ರು, ನಿವೃತ್ತರು. ಅವರಿಗೆ ಕಂಪ್ಯೂಟರ್ ಆನ್ ಮಾಡಲು ಬರುತ್ತಿರಲಿಲ್ಲ. ಹಾಗಾಗಿ ಪಟ್ಟಿ ಎಂದರೆ ಸೆಲ್ವಿಯಕ್ಕನೇ.

ಆ ಪಟ್ಟಿಯಲ್ಲಿ 'ವಿರಾಮ' ಎಂಬ ಒಂದು ಕಾಲಂ ಇತ್ತು. ಈ ದಾನಿಯನ್ನು ಮತ್ತೆ ಕರೆಯಲು ಇನ್ನೂ ಎಷ್ಟು ತಿಂಗಳು ಬಿಡಬೇಕು ಎಂಬುದನ್ನು ಅಲ್ಲಿ ಬರೆಯಬೇಕು. ಮೂರು, ಎರಡು, ಒಂದು. ಸೊನ್ನೆ ಎಂದರೆ ಈಗಲೇ ಕರೆಯಬಹುದು. ಹುಡುಗರು ಆ ಕಾಲಮ್ಮನ್ನು ಅಂಕಿಯ ಕಾಲಂ ಎಂದೇ ಮಾಡಿದ್ದರು. ಆದರೆ ಆ ಪುಟ್ಟ ಡೇಟಾಬೇಸಿನ ಗುಣ ಏನೆಂದರೆ — ಅಂಕಿ ಎಂದು ಹೇಳಿದ ಕಡೆ ಅಕ್ಷರ ಬರೆದರೂ ಅದು ಬೇಡ ಎನ್ನುವುದಿಲ್ಲ. ಕೊಟ್ಟಿದ್ದನ್ನು ಕೊಟ್ಟ ಹಾಗೇ ಇಟ್ಟುಕೊಳ್ಳುತ್ತದೆ.

ಸೆಲ್ವಿಯಕ್ಕ ಇದನ್ನು ತಾವಾಗಿಯೇ ಕಂಡುಕೊಂಡಿದ್ದರು. ಯಾರನ್ನಾದರೂ ಕರೆಯಬಾರದು ಅಂತಿದ್ದರೆ ಆ ಕಾಲಮ್ಮಿನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಕನ್ನಡ ಪದ ಹೊಡೆಯುತ್ತಿದ್ದರು. 'ಬಾಣಂತಿ'. 'ಊರಲ್ಲಿಲ್ಲ'. ಮತ್ತೆ, ಕೆಲವರ ಮುಂದೆ, 'ಹರಕೆ'.

ಹರಕೆ ಯಾಕೆ ಎಂದು ಹೇಳಬೇಕು. ಕ್ವಾರ್ಟರ್ಸಿನಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆಗಳು. ಒಬ್ಬರ ಮನೆಯ ಕಾಯಿಲೆ ಸಂಜೆಯೊಳಗೆ ಇಡೀ ಸಾಲಿಗೆ ಗೊತ್ತಾಗುತ್ತದೆ. ರಕ್ತ ಕೊಡಬೇಡಿ ಎಂದು ಡಾಕ್ಟರು ಹೇಳಿದ್ದಾರೆ ಎಂದರೆ, ಯಾಕೆ, ಏನು, ಯಾವ ಡಾಕ್ಟರು — ಮಾತು ನಿಲ್ಲುವುದಿಲ್ಲ. ಆದರೆ "ಅಮ್ಮನವರಿಗೆ ಹರಕೆ ಇದೆ, ಮಗಳ ಮದುವೆ ಆಗೋವರೆಗೂ ಮೈಯಿಂದ ರಕ್ತ ತೆಗೆಸಲ್ಲ" ಎಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ದೇವರ ವಿಷಯ, ಅಷ್ಟೆ. ಹಾಗಾಗಿ ತಮ್ಮ ಬಳಿ ಗುಟ್ಟಾಗಿ ಬಂದು ಹೇಳಿಕೊಂಡವರಿಗೆಲ್ಲ ಸೆಲ್ವಿಯಕ್ಕ ಒಂದೊಂದು ಹರಕೆ ಕೊಟ್ಟಿದ್ದರು. ಕಾಯಿಲೆಯ ಹೆಸರನ್ನು ಎಲ್ಲೂ ಬರೆಯುತ್ತಿರಲಿಲ್ಲ. ಕರೆ ಬಂದಾಗ ತಾವೇ ಪರದೆ ನೋಡಿ, ತಾವೇ ಫೋನ್ ಮಾಡುತ್ತಿದ್ದರು. ಆ ಪದ ಕಂಡರೆ ಮುಂದಿನ ಹೆಸರಿಗೆ ಹೋಗುತ್ತಿದ್ದರು. ಇದು ನಡೆದುಕೊಂಡು ಬಂದಿತ್ತು.

ನಾನು ಫೈಲನ್ನು ಪೆನ್ ಡ್ರೈವಿಗೆ ತೆಗೆದುಕೊಂಡು ಬಂದೆ. ಬೇರೆ ಬೇರೆ ಕಡೆಯ ಪಟ್ಟಿಗಳನ್ನು ಒಂದು ಮಾಡಲು ಒಂದು ಉಚಿತ ಟೂಲ್ ಇಳಿಸಿಕೊಂಡಿದ್ದೆವು. ಪರದೆಯ ಮೇಲೆ ಪೆಟ್ಟಿಗೆಗಳನ್ನು ಇಟ್ಟು ಬಾಣಗಳಿಂದ ಜೋಡಿಸಬೇಕು. ಎಡಗಡೆಯ ಪೆಟ್ಟಿಗೆ ಓದುತ್ತದೆ, ನಡುವಿನದು ತಿದ್ದುತ್ತದೆ, ಬಲಗಡೆಯದು ಬರೆಯುತ್ತದೆ. ಎಕ್ಸೆಲ್ ಸುಲಭವಾಗಿ ಬಂತು. ಈ ಒಂದೇ ಫೈಲಿನ ಡೇಟಾಬೇಸಿಗೆ ಸಿದ್ಧ ಪೆಟ್ಟಿಗೆ ಇರಲಿಲ್ಲ. ಆ ಫೈಲನ್ನು ಟೂಲಿಗೆ ಓದಿಕೊಡುವ 'ಡ್ರೈವರ್' ಎಂಬ ಸಣ್ಣ ಪ್ರೋಗ್ರಾಂ ಹುಡುಕಿ ತಂದು ಹಾಕಬೇಕಾಯಿತು. ಎರಡು ದಿನ ಹಿಡಿಯಿತು. ಮೂರನೇ ದಿನ 'ಸಂಪರ್ಕ ಯಶಸ್ವಿ' ಎಂದು ಬಂದಾಗ ನಾನು ಎಲ್ಲರನ್ನೂ ಕರೆದು ತೋರಿಸಿದೆ. ನೋಡಿದರೆ ಒಳಗೆ ಏನೂ ಇಲ್ಲ. ಫೈಲಿನ ದಾರಿಯನ್ನು ನಾನು ತಪ್ಪು ಬರೆದಿದ್ದೆ. ಅಲ್ಲಿ ಫೈಲೇ ಇಲ್ಲ ಎನ್ನುವ ಬದಲು ಅದು ಅದೇ ಹೆಸರಿನ ಹೊಸ ಖಾಲಿ ಫೈಲೊಂದನ್ನು ಸೃಷ್ಟಿಸಿ, ಸಂಪರ್ಕ ಯಶಸ್ವಿ ಎಂದಿತ್ತು.

"ಶೈಲಾ, ಖಾಲಿ ಮನೆ ಬಾಗಿಲು ತಟ್ಟಿ ಒಳಗೆ ಹೋಗಿ ಕಾಫಿ ಕೇಳ್ತಿದೀಯಲ್ಲ ಮಾರಾಯ್ತಿ" ಎಂದು ನಮ್ಮ ಸರ್ ನಕ್ಕರು. ನಾನೂ ನಕ್ಕೆ.

ಅವತ್ತೇ ಕಲಿಯಬೇಕಿತ್ತು. ಈ ಡೇಟಾಬೇಸು ಜಗಳವಾಡುವುದಿಲ್ಲ. ಅದು ಸುಮ್ಮನಿದೆ ಎಂದರೆ ಎಲ್ಲ ಸರಿಯಿದೆ ಎಂದಲ್ಲ. ಕಲಿಯಲಿಲ್ಲ.

ದಾರಿ ಸರಿಮಾಡಿದ ಮೇಲೆ ಆರುನೂರಕ್ಕೂ ಹೆಚ್ಚು ಹೆಸರು ಒಂದೇ ಏಟಿಗೆ ಆಚೆ ದಾಟಿದವು. ತಪ್ಪಿದ್ದರೆ ಪೆಟ್ಟಿಗೆ ಕೆಂಪಾಗಬೇಕು; ಒಂದೂ ಕೆಂಪಾಗಲಿಲ್ಲ. ಆ ದಿನ ಮಧ್ಯಾಹ್ನ ಸೆಲ್ವಿಯಕ್ಕ ಬಸ್ಸು ಹತ್ತಿ ದುರ್ಗಿಗುಡಿಗೆ ಬಂದಿದ್ದರು, ಹೊಸ ಪಟ್ಟಿ ಹೇಗಿದೆ ನೋಡಲು. ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಟ್ಟು ಬಂದು ನನ್ನ ಹಿಂದೆ ನಿಂತು ಪರದೆಯನ್ನು ಬಹಳ ಹೊತ್ತು ನೋಡಿದರು.

"ಇದೇನಮ್ಮ, ನಮ್ಮ ಮಿಲ್ಲಿನ ಪಲ್ಪ್ ಪೈಪಿನ ನಕ್ಷೆ ಥರ ಇದೆ. ನಮ್ಮಪ್ಪ ಮನೇಲಿ ಇಟ್ಕೊಂಡಿದ್ರು ಅಂಥದ್ದೊಂದು. ಎಲ್ಲಾದ್ರೂ ಲೀಕ್ ಆದ್ರೆ ನಿಂಗೆ ಹೆಂಗೆ ಗೊತ್ತಾಗತ್ತೆ?"

"ಕೆಂಪಗಾಗತ್ತೆ ಅಕ್ಕ."

"ಕೆಂಪಗಾಗದೇ ಲೀಕ್ ಆದ್ರೆ?"

"ಹಂಗೆ ಆಗಲ್ಲ ಅಕ್ಕ."

ಅವರು ನಕ್ಕರು. "ಮಿಲ್ಲಲ್ಲಿ ಆಗತ್ತಪ್ಪ. ಬೂಟು ಒದ್ದೆಯಾದ ಮೇಲೇನೇ ಗೊತ್ತಾಗೋದು." ಹೊರಡುವಾಗ ಮೆಟ್ಟಿಲ ಬಳಿ ನಿಂತು ದನಿ ತಗ್ಗಿಸಿ ಕೇಳಿದರು: "ಶೈಲಾ, ಕೆಲವರ ಮುಂದೆ ನಂಬರ್ ಬದಲು ಅಕ್ಷರ ಬರೆದಿದೀನಿ. ವಿರಾಮದಲ್ಲಿ. ಅದು ಹಂಗೇ ಬಂದಿದೆ ತಾನೆ? ಅದು ಹೋಗಬಾರ್ದು ಕಣಮ್ಮ. ನಂಬಿ ಹೇಳಿರ್ತಾರೆ."

"ಎಲ್ಲಾ ಬಂದಿದೆ ಅಕ್ಕ."

ನೋಡದೆ ಹೇಳಿದೆ. ಆದರೆ ಆಗ ಅದು ಸುಳ್ಳಲ್ಲ — ಅಜಾಗರೂಕತೆ. ಈ ವ್ಯತ್ಯಾಸವನ್ನು ನಾನು ಬಹಳ ವರ್ಷ ಹಿಡಿದುಕೊಂಡು ಓಡಾಡಿದ್ದೇನೆ. ಅದರಿಂದ ಏನೂ ಪ್ರಯೋಜನವಾಗಿಲ್ಲ.

ಅವರು ಹೋದ ಮೇಲೆ ನೋಡಿದೆ. ಹೊಸ ಪಟ್ಟಿಯಲ್ಲಿ ವಿರಾಮದ ಕಾಲಮ್ಮಿನಲ್ಲಿ ಒಂದೂ ಅಕ್ಷರ ಇರಲಿಲ್ಲ. ಹಳೆಯ ಫೈಲನ್ನು ತೆರೆದು ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಹೋಲಿಸಿದೆ. ಹದಿನಾಲ್ಕು ಸಾಲುಗಳಲ್ಲಿ ಪದವಿದ್ದ ಕಡೆ ಸೊನ್ನೆ ಬಂದಿತ್ತು. ಟೂಲು ಆ ಕಾಲಂ ಅಂಕಿಯದು ಎಂಬ ಘೋಷಣೆಯನ್ನು ನಂಬಿತ್ತು; ಡ್ರೈವರನ್ನು ಅಂಕಿ ಕೊಡು ಎಂದು ಕೇಳಿತ್ತು; ಪದದಲ್ಲಿ ಅಂಕಿ ಕಾಣದೆ ಡ್ರೈವರು ಸೊನ್ನೆ ಕೊಟ್ಟಿತ್ತು. ಯಾರೂ ಕೂಗಲಿಲ್ಲ. ಹದಿನಾಲ್ಕರಲ್ಲಿ ಐದು 'ಹರಕೆ'. ಐದರಲ್ಲಿ ಒಂದು ಹೆಸರು ಲೋಕೇಶ, ಮಿಲ್ಲಿನ ಕಟಿಂಗ್ ಸೆಕ್ಷನ್, ಬಿ ನೆಗೆಟಿವ್.

ಸೊನ್ನೆ ಎಂದರೆ ಈಗಲೇ ಕರೆಯಬಹುದು. ಇದು ನನಗೆ ಗೊತ್ತಿತ್ತು. ಹೊಸ ಪಟ್ಟಿ ಸೊನ್ನೆ ಇದ್ದವರನ್ನು ಎಲ್ಲರಿಗಿಂತ ಮೇಲೆ ತೋರಿಸುತ್ತದೆ — ಅದನ್ನು ಹಾಗೆ ಮಾಡಿದವಳೇ ನಾನು.

ಸರಿಪಡಿಸಲು ಆ ಕಾಲಮ್ಮನ್ನು ಅಕ್ಷರವೆಂದು ಓದಬೇಕಿತ್ತು. ಆಗ ಮುಂದಿನ ಲೆಕ್ಕಾಚಾರದ ಪೆಟ್ಟಿಗೆಗಳು ಮುರಿಯುತ್ತಿದ್ದವು, ಅವನ್ನೂ ಬದಲಿಸಬೇಕು. ಅರ್ಧ ದಿನದ ಕೆಲಸ. ಮಾರನೆಯ ದಿನ ಬೆಳಿಗ್ಗೆ ಪಟ್ಟಿಯ ಉದ್ಘಾಟನೆ ಇತ್ತು. ಉದ್ಘಾಟನೆ ಮುಗಿಯಲಿ, ಆಮೇಲೆ ಮಾಡಿದರಾಯಿತು ಎಂದುಕೊಂಡೆ. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ನಮ್ಮ ಸರ್ ಅರ್ಧ ದಿನ ಮುಂದೆ ಹಾಕುತ್ತಿದ್ದರು, ಬೈಯುತ್ತಲೂ ಇರಲಿಲ್ಲ — ಇದು ನನಗೆ ಆಗಲೇ ಗೊತ್ತಿತ್ತು.

ಉದ್ಘಾಟನೆಯಾಯಿತು. ಮೇಷ್ಟ್ರು ವೇದಿಕೆಗೆ ಕರೆದು ಶಾಲು ಹೊದಿಸಿದರು. "ನಮ್ಮ ಹುಡುಗಿ, ಜಿಲ್ಲೆಯ ರಕ್ತವನ್ನೆಲ್ಲ ಒಂದು ಮಾಡಿದಳು" ಎಂದರು. ಸೆಲ್ವಿಯಕ್ಕ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಎರಡೆರಡು ಪಟ್ಟಿ ಇದ್ದರೆ ಗೊಂದಲ ಎಂದು ಮೇಷ್ಟ್ರು ಹೇಳಿದ ಮೇಲೆ ಕಾಗದನಗರದ ಕಂಪ್ಯೂಟರಿನಿಂದ ಹಳೆಯ ಪ್ರೋಗ್ರಾಮನ್ನು ತೆಗೆದುಹಾಕಿದ್ದೂ ನಾನೇ. ಫೈಲನ್ನೂ ಅಳಿಸಿದೆ. ಪೆನ್ ಡ್ರೈವಿನಲ್ಲಿ ಇದೆಯಲ್ಲ ಎಂದು. ಈ ವಾರ ಸರಿಮಾಡುತ್ತೇನಲ್ಲ ಎಂದು. ಮುಂದಿನ ವಾರ —

ಮುಂದಿನದನ್ನು ನಾನು ನೋಡಿಲ್ಲ. ಅಲ್ಲಿದ್ದವರಿಂದ, ಬೇರೆ ಬೇರೆಯಾಗಿ, ಕೇಳಿದ್ದನ್ನು ಬರೆಯುತ್ತಿದ್ದೇನೆ.

ಮೂರನೇ ವಾರ ಶಿವಮೊಗ್ಗದ ಒಂದು ಆಸ್ಪತ್ರೆಯಲ್ಲಿ ಹೆರಿಗೆಗೆ ಬಂದ ಹೆಂಗಸಿಗೆ ಬಿ ನೆಗೆಟಿವ್ ಬೇಕಾಯಿತು. ಈಗ ಪಟ್ಟಿ ಒಂದೇ ಕಡೆ ಇತ್ತಲ್ಲ. ಸೆಲ್ವಿಯಕ್ಕನಿಗೆ ಫೋನ್ ಹೋಗಲೇ ಇಲ್ಲ. ಶಿವಮೊಗ್ಗದಲ್ಲಿ ಕೂತಿದ್ದ ಸ್ವಯಂಸೇವಕರು ಪರದೆಯಲ್ಲಿ ಮೇಲೆ ಕಂಡ ಹೆಸರಿಗೆ, ಲೋಕೇಶಣ್ಣನ ಸೆಕ್ಷನ್ನಿಗೇ ಫೋನ್ ಮಾಡಿದರು. ಫೋನ್ ಎತ್ತಿದವರು ಜೋರಾಗಿ ಕೂಗಿ ಹೇಳಿದರು. ಲೋಕೇಶಣ್ಣ ಆ ಸೆಕ್ಷನ್ನಿನ ಹೆಮ್ಮೆ. ಹಿಂದೆ ಎಷ್ಟೋ ಸಲ ರಕ್ತ ಕೊಟ್ಟವರು. ಹರಕೆಯ ಮಾತು ಎತ್ತಿದರಂತೆ. "ಅಮ್ಮನವರೇನು ಬಸುರಿ ಹೆಂಗಸು ಸಾಯ್ಲಿ ಅಂತಾರಾ, ನಡಿ ಮಾರಾಯ, ನಾವು ತಪ್ಪು ಕಾಣಿಕೆ ಹಾಕ್ತೀವಿ" ಎಂದು ಇಬ್ಬರು ಗೆಳೆಯರು ಬೈಕಿನಲ್ಲಿ ತಮ್ಮ ನಡುವೆ ಕೂರಿಸಿಕೊಂಡು ಕರೆದೊಯ್ದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಆ ಹೆಂಗಸಿನ ಗಂಡ ಬಂದು ಲೋಕೇಶಣ್ಣನ ಎರಡೂ ಕೈ ಹಿಡಿದುಕೊಂಡ. ಬಿಡಲಿಲ್ಲ. ಲೋಕೇಶಣ್ಣ ಎಲ್ಲರೂ ಕೇಳುವಂತೆ ಹೇಳಿದರು: "ನನ್ನ ರಕ್ತ ಬೇಡ ಕಣಪ್ಪ. ನನಗೆ ಸೋಂಕಿದೆ. ಕೊಡಬಾರ್ದು ಅಂತ ಕಾಗದ ಬಂದಿದೆ. ಬೇಗ ಬೇರೆಯವ್ರನ್ನ ಕರೀರಿ."

ಬೇರೆಯವರು ಸಿಕ್ಕಿದರು. ತಾಯಿ, ಮಗು ಇಬ್ಬರೂ ಉಳಿದರು. ಅದು ಗೊತ್ತಾದಾಗ ನನಗೆ ಎಂಥ ಸಮಾಧಾನವಾಯಿತು ಎಂದರೆ, ಯಾರಿಗೂ ಏನೂ ಆಗಿಲ್ಲ ಎಂದೇ ಎರಡು ದಿನ ಅಂದುಕೊಂಡಿದ್ದೆ.

ಆ ಸೋಂಕು ಲಿವರಿಗೆ ಸಂಬಂಧಿಸಿದ್ದು. ಹಿಂದೊಂದು ಶಿಬಿರದಲ್ಲಿ ರಕ್ತ ಕೊಟ್ಟಾಗ ಪರೀಕ್ಷೆಯಲ್ಲಿ ಕಂಡು, ಅಂಚೆಯಲ್ಲಿ ಕಾಗದ ಬಂದಿತ್ತು. ಜೊತೆಯಲ್ಲಿ ಕೂತು ಉಂಡರೆ ಅದು ಯಾರಿಗೂ ಅಂಟುವುದಿಲ್ಲ. ಆದರೆ ಪಡಸಾಲೆಯಲ್ಲಿ ಆಡಿದ ಮಾತು ಭದ್ರಾವತಿ ತಲುಪುವಷ್ಟರಲ್ಲಿ ಬೇರೆ ಕಾಯಿಲೆಯಾಗಿತ್ತು — ಆಗ ಜನ ಹೆಸರೆತ್ತಲೂ ಹೆದರುತ್ತಿದ್ದ ಕಾಯಿಲೆ. ಕ್ಯಾಂಟೀನಿನಲ್ಲಿ ಅವರ ಲೋಟ ಬೇರೆಯಾಯಿತು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ಲೋಟ ಮಾತ್ರ ಬೇರೆ ಮೂಲೆಯಲ್ಲಿ ಇರತೊಡಗಿತು. ಹತ್ತು ದಿನದಲ್ಲಿ ಮಗಳ ಮದುವೆಯ ಮಾತುಕತೆ ಮುರಿಯಿತು. ಗಂಡಿನ ಕಡೆಯವರು ಕಾರಣ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಮೇಷ್ಟ್ರು ವಾಚನಾಲಯದಲ್ಲಿ ಬಳಗದ ಸಭೆ ಕರೆದರು. ನನ್ನನ್ನೂ ಕರೆದರು, ಕಂಪ್ಯೂಟರಿನಲ್ಲಿ ಏನಿದೆ ತೋರಿಸಲು. ಇಲ್ಲಿಂದ ನಾನು ನೋಡಿದ್ದು, ಕೇಳಿದ್ದು.

ಲೋಕೇಶಣ್ಣ ಬಾಗಿಲ ಹತ್ತಿರದ ಬೆಂಚಿನ ತುದಿಯಲ್ಲಿ ಕೂತಿದ್ದರು. ಆ ಬೆಂಚಿನ ಉಳಿದ ಭಾಗ ಖಾಲಿಯಿತ್ತು. ಸೆಲ್ವಿಯಕ್ಕ ನಿಂತೇ ಇದ್ದರು, ಕೋಣೆಯ ಬೀಗದ ಕೈಯನ್ನು ಸೆರಗಿನ ತುದಿಗೆ ಸುತ್ತಿಕೊಂಡು.

"ಸೆಲ್ವಿ, ಲೋಕೇಶ ನಿನ್ಹತ್ರ ಮೊದ್ಲೇ ಹೇಳಿದ್ದ ತಾನೆ?" ಮೇಷ್ಟ್ರು ಕೇಳಿದರು.

"ಹೇಳಿದ್ರು ಸಾರ್. ಬರೆದೂ ಇದ್ದೆ."

"ಏನಂತ?"

"ಹರಕೆ ಅಂತ."

ನಾನು ಪರದೆಯನ್ನು ಅವರ ಕಡೆ ತಿರುಗಿಸಿದೆ. ಲೋಕೇಶ, ಬಿ ನೆಗೆಟಿವ್, ವಿರಾಮ ಸೊನ್ನೆ. ಹಿಂದಿನಿಂದ ಯಾರೋ ಅಂದರು: "ಬರೆದಿದ್ರೆ ಎಲ್ಲಿ ಹೋಯ್ತಂತೆ? ಕಂಪ್ಯೂಟರ್ ನುಂಗಿ ನೀರು ಕುಡೀತಾ?" ಒಂದಿಬ್ಬರು ನಕ್ಕರು. ಸೆಲ್ವಿಯಕ್ಕ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಭಯವಿರಲಿಲ್ಲ — ನಾನಿದ್ದೇನಲ್ಲ ಎಂಬ ಧೈರ್ಯವಿತ್ತು.

"ಶೈಲಾ, ನೀನು ಹೇಳಮ್ಮ. ನನ್ನ ಹಳೇ ಫೈಲಲ್ಲಿ ಇತ್ತಲ್ವಾ?"

ಗೋಡೆಯ ಮೇಲೆ ಗಡಿಯಾರವಿತ್ತು. ಹನ್ನೊಂದು ಗಂಟೆ ಹತ್ತು ನಿಮಿಷ. ಪೆನ್ ಡ್ರೈವು ಮಡಿಲಲ್ಲಿದೆ. ತೆಗೆದು ಹಾಕಿದರೆ ಒಂದು ನಿಮಿಷ. 'ಇತ್ತು. ನಾನೇ ನೋಡಿದ್ದೆ. ನೋಡಿಯೂ ಬಿಟ್ಟೆ' — ಇಷ್ಟೇ ಹೇಳಬೇಕಿತ್ತು.

"ಹಳೇ ಫೈಲಿನಲ್ಲೂ ಸೊನ್ನೆನೇ ಇತ್ತು ಅಕ್ಕ."

ಯಾಕೆ? ಕೆಲಸ ಹೋಗುತ್ತದೆಂಬ ಭಯ ಎಂದು ಬರೆದರೆ ಓದುವವರಿಗೆ ಅರ್ಥವಾಗುತ್ತದೆ. ಆದರೆ ಅದು ನಿಜವಲ್ಲ. ಕೆಲಸ ಹೋಗುತ್ತಿರಲಿಲ್ಲ. ಅದೇ ಕೋಣೆಯಲ್ಲಿ ನನಗೆ ಶಾಲು ಹೊದಿಸಿದ ಫೋಟೋ ಗೋಡೆಗೆ ಹಾಕಿದ್ದರು. ಆ ಫೋಟೋದಲ್ಲಿರುವ ಹುಡುಗಿಯಾಗಿಯೇ ಉಳಿಯಬೇಕು ಅನಿಸಿತು. ಇದಕ್ಕಿಂತ ದೊಡ್ಡ ಕಾರಣವನ್ನು ಎಷ್ಟು ಹುಡುಕಿದರೂ — ಇಲ್ಲ, ಇಷ್ಟೇ.

ಸೆಲ್ವಿಯಕ್ಕ ನನ್ನನ್ನೇ ನೋಡುತ್ತಿದ್ದರು. "ಸರಿಯಾಗಿ ನೋಡಿದೀಯಾ?" ಎಂದು ಮೆಲ್ಲಗೆ ಕೇಳಿದರು. ನಾನು ತಲೆಯಾಡಿಸಿದೆ.

"ಬಿಡಿ ಮೇಷ್ಟ್ರೆ" ಎಂದರು ಲೋಕೇಶಣ್ಣ. ಆ ಸಭೆಯಲ್ಲಿ ಅವರು ಮಾತಾಡಿದ್ದು ಅದೊಂದೇ ಸಲ. "ಆ ಹುಡುಗಿ ಕಂಪ್ಯೂಟರ್ ಓದಿದೋಳು. ಅವಳಿಗೇನು ಸುಳ್ಳು ಹೇಳಿ ಆಗಬೇಕಾಗಿದೆ." ಆಮೇಲೆ ಸೆಲ್ವಿಯಕ್ಕನ ಕಡೆ ನೋಡದೆಯೇ ಹೇಳಿದರು: "ನಿನ್ನ ಬಾಯಿಂದ ಆಚೆ ಹೋಗಲ್ಲ ಅಂತ ನಂಬಿದ್ದೆ ಸೆಲ್ವಿ. ಬಾಯಿಂದ ಹೋಗ್ಲಿಲ್ಲ, ನಿಜ. ಕೈಯಿಂದ ಹೋಯ್ತು."

ಸೆಲ್ವಿಯಕ್ಕ ಸೆರಗಿನಿಂದ ಬೀಗದ ಕೈ ಬಿಡಿಸಿ ಮೇಜಿನ ಮೇಲೆ, ನನ್ನ ಕೀಬೋರ್ಡಿನ ಪಕ್ಕ ಇಟ್ಟರು. ಯಾರೂ ಅವರನ್ನು ಬಿಡು ಎಂದಿರಲಿಲ್ಲ. ಯಾರೂ ಇರು ಎಂದೂ ಹೇಳಲಿಲ್ಲ.

ಮಾರನೆಯ ದಿನ ನಾನು ಅರ್ಧ ದಿನ ಕೂತು ಕೆಲಸ ಮುಗಿಸಿದೆ. ವಿರಾಮವನ್ನು ಅಕ್ಷರವಾಗಿಯೇ ಓದಿಸಿದೆ. ಪದಗಳಿದ್ದರೆ ಅವನ್ನು 'ಷರಾ' ಎಂಬ ಹೊಸ ಕಾಲಮ್ಮಿಗೆ ಕಳುಹಿಸಿ, ಷರಾ ಇದ್ದವರ ಹೆಸರು ಪಟ್ಟಿಯಲ್ಲಿ ಮೇಲೆ ಬರದಂತೆ ಮಾಡಿದೆ. ಪೆನ್ ಡ್ರೈವಿನಿಂದ ಹದಿನಾಲ್ಕು ಪದಗಳೂ ತಮ್ಮ ತಮ್ಮ ಜಾಗಕ್ಕೆ ಬಂದವು. ಲೋಕೇಶಣ್ಣನದೂ ಬಂತು, ಅದೊಂದನ್ನು ನಾನೇ ಮತ್ತೆ ತೆಗೆದು, ಅವರ ಹೆಸರನ್ನೇ ಪಟ್ಟಿಯಿಂದ ತೆಗೆದೆ — ಅವರು ಕೇಳಿಕೊಂಡಿದ್ದಾರೆ ಎಂದು ಹೇಳಿ. ಆ ಪದ ಯಾರಿಗಾದರೂ ಕಂಡರೆ ಎಂಬ ಭಯ. ಅದು ಎರಡನೇ ಸುಳ್ಳು. ಹೊಸ ಸೌಲಭ್ಯ ಸೇರಿಸಿದ್ದೇನೆ ಎಂದು ಮೇಷ್ಟ್ರಿಗೆ ತೋರಿಸಿದೆ. "ಇದು ಮೊದ್ಲೇ ಇದ್ದಿದ್ರೆ ಪಾಪ ಆ ಸೆಲ್ವಿ ತಪ್ಪು ಮಾಡಿದ್ರೂ ಉಳೀತಿತ್ತು" ಎಂದರು.

ವರ್ಷಗಳಾದವು. ಆ ಸಂಸ್ಥೆ ಮುಚ್ಚಿತು. ನಾನು ಬೇರೆ ಕಡೆ ಸೇರಿದೆ. ಶಿವಮೊಗ್ಗ ಬಿಡಲಿಲ್ಲ. ಜನ್ನಾಪುರ ಅರ್ಧ ಗಂಟೆ, ಮುಕ್ಕಾಲು ಗಂಟೆಯ ದಾರಿ. ದೂರ ಎಂದು ನೆಪ ಹೇಳುವಂತಿಲ್ಲ.

ಒಮ್ಮೆ ಹೋದೆ. ಹೇಳಿಬಿಡಬೇಕೆಂದೇ ಹೋದೆ. ಸೆಲ್ವಿಯಕ್ಕ ಮುಂಬಾಗಿಲಲ್ಲಿ ಕೂತು ಸೀರೆಗೆ ಫಾಲ್ ಹಾಕುತ್ತಿದ್ದರು. ನನ್ನನ್ನು ನೋಡಿ ಗುರುತು ಹಿಡಿಯಲು ಒಂದು ಗಳಿಗೆ ಹಿಡಿಯಿತು.

"ಏನೇ ಮಾರಾಯ್ತಿ, ಕನ್ನಡಕ ಬಂದ್ಬಿಟ್ಟಿದೆ. ಅಷ್ಟೊಂದು ನೋಡ್ತೀಯಾ ಆ ಪೆಟ್ಟಿಗೆ ಬಾಣ ಎಲ್ಲಾನೂ?"

ಕಾಫಿ ಮಾಡಿಕೊಟ್ಟರು. ಮದುವೆ, ಮಕ್ಕಳು, ಅಮ್ಮನ ಆರೋಗ್ಯ ಎಲ್ಲ ಕೇಳಿದರು. ಆಮೇಲೆ ತಾವಾಗಿಯೇ ಹೇಳಿದರು: "ಲೋಕೇಶಣ್ಣ ಹೋದ್ರು, ಗೊತ್ತಾಯ್ತಾ? ಹೋದ ವರ್ಷ. ಮಣ್ಣಿಗೆ ಹೋಗಿದ್ದೆ. ಹಿಂದೆ ನಿಂತಿದ್ದೆ. ಆ ಮಗಳು ನನ್ನ ನೋಡಿದ್ಲು. ಏನೂ ಅನ್ಲಿಲ್ಲ."

ಹೇಳಲು ಬಾಯಿ ತೆರೆದೆ. ಅಕ್ಕ, ಅವತ್ತು — ಅಷ್ಟರಲ್ಲಿ ಅವರು ಸೂಜಿಗೆ ದಾರ ಪೋಣಿಸುತ್ತ, ನನ್ನ ಕಡೆ ನೋಡದೆ, ಸಹಜವಾಗಿ ಮುಂದುವರಿಸಿದರು.

"ನೀನು ಅವತ್ತು ನಿಜ ಹೇಳಿದ್ದು ಒಳ್ಳೇದೇ ಆಯ್ತು ಕಣೆ ಶೈಲಾ. ಇಲ್ದಿದ್ರೆ ನಾನು ಕಂಪ್ಯೂಟರ್ ಮೇಲೆ ತಪ್ಪು ಹಾಕ್ಕೊಂಡು ಓಡಾಡ್ತಿದ್ದೆ. ನಾನು ಬರೆದೇ ಇಲ್ಲ. ಬರೆದೆ ಅಂತ ಮನಸ್ಸಿಗೆ ಅನ್ಸಿದೆ, ಅಷ್ಟೇ. ಒಂದೊಂದು ಅಕ್ಷರ ಒತ್ತಿದ್ದೂ ನೆನಪಿದೆ ಅಂದ್ರೆ ನಂಬ್ತೀಯಾ? ಎಚ್ ಗುಂಡಿ ಸ್ವಲ್ಪ ಗಟ್ಟಿ ಇತ್ತು, ಎರಡು ಸಲ ಒತ್ತಿದ್ದೆ. ಅದೂ ನೆನಪಿದೆ. ಆಗದೇ ಇರೋದು ಇಷ್ಟು ಚೆನ್ನಾಗಿ ನೆನಪಿರತ್ತಾ? ಅವತ್ತಿಂದ ನನ್ನ ಮೇಲೆ ನಂಗೇ ನಂಬಿಕೆ ಇಲ್ಲ. ಗ್ಯಾಸ್ ಆಫ್ ಮಾಡಿದ್ರೂ ಎರಡು ಸಲ ಎದ್ದು ಹೋಗಿ ನೋಡ್ತೀನಿ. ಬೀಗ ಹಾಕಿದ್ರೆ ಅರ್ಧ ದಾರಿಯಿಂದ ವಾಪಸ್ ಬರ್ತೀನಿ. ನಮ್ಮ ಮನೆಯವ್ರು ನಗ್ತಾರೆ."

ಅವರೂ ಸ್ವಲ್ಪ ನಕ್ಕರು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟೆ. ಎದ್ದೆ. ಬಸ್ ಹತ್ತಿದೆ. ಹೇಳಲಿಲ್ಲ.

ಅಲ್ಲಿಯವರೆಗೆ ನಾನು ಅವರಿಂದ ಕಿತ್ತುಕೊಂಡಿದ್ದು ಆ ಕೋಣೆಯ ಬೀಗದ ಕೈ, ಜನರಲ್ಲಿದ್ದ ಹೆಸರು, ಒಬ್ಬ ಅಣ್ಣನ ನಂಬಿಕೆ ಎಂದುಕೊಂಡಿದ್ದೆ. ಅದು ತಪ್ಪು ಲೆಕ್ಕ. ಅವರ ಬೆರಳು ಮಾಡಿದ್ದನ್ನು ಅವರ ಮನಸ್ಸೇ ನಂಬದ ಹಾಗೆ ಮಾಡಿದ್ದೇನೆ. ನಿಜವನ್ನೇ ನೆನಪಿಟ್ಟುಕೊಂಡ ಒಬ್ಬ ಹೆಂಗಸಿಗೆ ಅದು ಭ್ರಮೆ ಎಂದು ಒಪ್ಪಿಸಿದ್ದೇನೆ. ಅದೂ ಅವರು ನನಗೆ ಕೃತಜ್ಞರಾಗುವಷ್ಟು ಚೆನ್ನಾಗಿ.

ಲೋಕೇಶಣ್ಣನಿಗೆ ಇನ್ನು ಹೇಳುವಂತಿಲ್ಲ. ಅವರ ಮಗಳ ಬದುಕು ಆಮೇಲೆ ಏನಾಯಿತೋ ನಾನು ವಿಚಾರಿಸಿಲ್ಲ. ವಿಚಾರಿಸುವ ಧೈರ್ಯವಾಗಿಲ್ಲ ಎಂದು ಬರೆಯುವುದೇ ಸರಿ.

ನಿನ್ನೆ ಆ ನೀಲಿ ಪೆನ್ ಡ್ರೈವನ್ನು ಬೀರುವಿನಿಂದ ತೆಗೆದೆ. ತೆರೆಯುತ್ತದೋ ಇಲ್ಲವೋ ಅನುಮಾನವಿತ್ತು — ತೆರೆಯದಿರಲಿ ಎಂಬ ಆಸೆಯೂ ಒಳಗೆಲ್ಲೋ ಇತ್ತು, ಅದನ್ನೂ ಇಲ್ಲಿ ಬರೆಯಬೇಕು. ತೆರೆಯಿತು. ಇಷ್ಟು ವರ್ಷದ ಮೇಲೂ ಅದು ಯಾವ ಪ್ರಶ್ನೆಯನ್ನೂ ಕೇಳಲಿಲ್ಲ. ಕೊಟ್ಟಿದ್ದನ್ನು ಕೊಟ್ಟ ಹಾಗೇ ಇಟ್ಟುಕೊಂಡಿತ್ತು. ಲೋಕೇಶ. ಕಟಿಂಗ್ ಸೆಕ್ಷನ್. ಬಿ ನೆಗೆಟಿವ್. ವಿರಾಮದ ಕಾಲಮ್ಮಿನಲ್ಲಿ, ದೊಡ್ಡ ಇಂಗ್ಲಿಷ್ ಅಕ್ಷರಗಳಲ್ಲಿ, ಹರಕೆ. ಮೊದಲ ಅಕ್ಷರ ಎರಡು ಸಲ ಬಿದ್ದಿದೆ. ಅಂದು ಹೋಲಿಸಿ ನೋಡುವಾಗ ನನಗೆ ಅದು ಕಂಡಿರಲಿಲ್ಲ.

ಆ ಒಂದು ಸಾಲನ್ನು ಪ್ರಿಂಟ್ ತೆಗೆದಿದ್ದೇನೆ. ಈ ಬರಹದ ಜೊತೆ ಅದನ್ನೂ ತೆಗೆದುಕೊಂಡು ಭಾನುವಾರ ಬೆಳಿಗ್ಗೆಯ ಬಸ್ಸಿಗೆ ಜನ್ನಾಪುರಕ್ಕೆ ಹೋಗುತ್ತೇನೆ. ಮೊದಲು ಅವರ ಕೈಗೆ ಕೊಡುತ್ತೇನೆ. ಆಮೇಲೆ, ಅವರು ಬಂದರೆ ಅವರ ಜೊತೆ, ಇಲ್ಲದಿದ್ದರೆ ಒಬ್ಬಳೇ, ಲೋಕೇಶಣ್ಣನ ಮಗಳ ಮನೆ ಎಲ್ಲಿದೆಯೋ ವಿಚಾರಿಸಿಕೊಂಡು ಹೋಗುತ್ತೇನೆ. ಸೆಲ್ವಿಯಕ್ಕ ಕಾಫಿ ಕೊಟ್ಟರೆ ಕುಡಿಯುವ ಮೊದಲು ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ಅವರು ಕ್ಷಮಿಸಿಬಿಡುತ್ತಾರೆ. ಅವರ ಸ್ವಭಾವ ನನಗೆ ಗೊತ್ತು.

ಸೆಲ್ವಿಯಕ್ಕ, ನೀವು ಬರೆದಿದ್ದಿರಿ. ಎಚ್ ಗುಂಡಿಯನ್ನು ಎರಡು ಸಲ ಒತ್ತಿದ್ದಿರಿ.